ಸೊಂಟದುದ್ದ ನೀರಿನಲ್ಲಿ ಮುಳುಗುವುದು ಸಾಧ್ಯವೇ? ಕಯಾಕ್ ಮಗುಚಿ ಬಿದ್ದವರನ್ನು ಎಬ್ಬಿಸಿ ನಿಲ್ಲಿಸುವುದು ಹೇಗೆ?

ಇಂಥ ವಿಡಿಯೊಗಳು ನಿಮ್ಮ ಫೋನಿಗೂ ಬಂದಿರಬಹುದು. ಕಯಾಕ್ ಮಗುಚುತ್ತದೆ. ಅದರಲ್ಲಿದ್ದವರು ನೀರಿಗೆ ಬಿದ್ದು ಕೈಕಾಲು ಬಡಿಯುತ್ತಾರೆ. ಕೊನೆಗೆ ಯಾರೋ ಹಿಡಿದು ಎಬ್ಬಿಸಿದಾಗ ನೋಡಿದರೆ ನೀರು ಸೊಂಟದವರೆಗೆ ಮಾತ್ರ! ವಿಡಿಯೊ ಕೆಳಗೆ ನಗುವ ಎಮೋಜಿಗಳ ಸಾಲು. 'ಇಷ್ಟು ನೀರಲ್ಲಿ ಯಾರಾದರೂ ಮುಳುಗ್ತಾರಾ?' ಎಂಬ ಕಾಮೆಂಟ್.

ನಗುವ ಮೊದಲು ಒಂದು ಪ್ರಶ್ನೆ. ನೆಲ ಅಷ್ಟು ಹತ್ತಿರ ಇದ್ದರೂ ಆ ವ್ಯಕ್ತಿ ತಾನಾಗಿಯೇ ಏಕೆ ಎದ್ದು ನಿಲ್ಲಲಿಲ್ಲ? ಇದಕ್ಕೆ ಉತ್ತರ ಗೊತ್ತಿದ್ದರೆ ಅಂಥವರಿಗೆ ಸಹಾಯ ಮಾಡುವುದು ಸುಲಭ. ಗೊತ್ತಿಲ್ಲದಿದ್ದರೆ ಸಹಾಯಕ್ಕೆ ಹೋದವರೂ ಬೀಳುತ್ತಾರೆ. ಈ ಲೇಖನದಲ್ಲಿ ಅದನ್ನೇ ಹಂತ ಹಂತವಾಗಿ ತಿಳಿದುಕೊಳ್ಳೋಣ.

ಒಂದೇ ಮಾತಿನಲ್ಲಿ ಉತ್ತರ

ಹೌದು, ಸೊಂಟದುದ್ದ ನೀರಿನಲ್ಲೂ, ಅದಕ್ಕಿಂತ ಕಡಿಮೆ ನೀರಿನಲ್ಲೂ ಮುಳುಗಿ ಸಾಯುವುದು ಸಾಧ್ಯ. ಮುಳುಗಲು ಆಳ ಬೇಕಿಲ್ಲ, ಮೂಗು ಮತ್ತು ಬಾಯಿ ಮುಚ್ಚುವಷ್ಟು ನೀರು ಸಾಕು. ನಿಂತ ನೀರಿನಲ್ಲಿ ಬಿದ್ದವರಿಗೆ ಸಹಾಯ ಮಾಡುವಾಗ ಮೊದಲ ಕೆಲಸ ದಡಕ್ಕೆ ಎಳೆಯುವುದಲ್ಲ. ಮೊದಲು ಮುಖ ನೀರಿನಿಂದ ಮೇಲಿರಬೇಕು, ಆಮೇಲೆ ಮಂಡಿ ಮಡಚಿಸಿ ಕಾಲು ಊರಿಸಬೇಕು. ಹರಿಯುವ ನೀರಿಗೆ ಮತ್ತು ಕುತ್ತಿಗೆಗೆ ಪೆಟ್ಟಾದವರಿಗೆ ಈ ಕ್ರಮ ಹೊಂದುವುದಿಲ್ಲ. ಅವನ್ನು ಮುಂದೆ ಬೇರೆಯಾಗಿ ವಿವರಿಸಿದ್ದೇವೆ.

ಬಯಲುಸೀಮೆಯವರಿಗೆ ಕಯಾಕ್ ವಿಷಯ ಏಕೆ?

ಕಯಾಕ್ ಎಂದರೆ ಒಬ್ಬರು ಅಥವಾ ಇಬ್ಬರು ಕಾಲು ಮುಂದೆ ಚಾಚಿ ಕುಳಿತು, ಎರಡೂ ತುದಿಯಲ್ಲಿ ಅಗಲವಾದ ಹಲಗೆಯಿರುವ ಹುಟ್ಟಿನಿಂದ ನಡೆಸುವ ಸಣ್ಣ, ಕಿರಿದಾದ ದೋಣಿ. ಇದು ಮೂಲತಃ ಉತ್ತರ ಧ್ರುವದ ಸುತ್ತಲಿನ ಇನ್ಯೂಟ್ ಜನರ ಬೇಟೆಯ ದೋಣಿ. ಕರ್ನಾಟಕದಲ್ಲಿ ಈಗ ಹೊನ್ನಾವರದ ಶರಾವತಿ ಹಿನ್ನೀರಿನ ಕಾಂಡ್ಲಾ ಕಾಡು, ಮೂಲ್ಕಿಯ ಶಾಂಭವಿ ನದಿ, ದಾಂಡೇಲಿ ಕಡೆಯ ಕಾಳಿ ನದಿ ಮುಂತಾದ ಕಡೆ ಪ್ರವಾಸಿಗರು ಕಯಾಕ್ ನಡೆಸುತ್ತಾರೆ. ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆಯಿಂದಲೋ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಂಥ ಊರಿಂದಲೋ ರಜೆಗೆ ಕರಾವಳಿಗೆ ಹೋಗುವ ಕುಟುಂಬಗಳು ಮೊದಲ ಬಾರಿ ಕಯಾಕ್ ಹತ್ತುವುದು ಸಾಮಾನ್ಯವಾಗಿ ಇಂಥ ಜಾಗಗಳಲ್ಲಿ. ಅವರಲ್ಲಿ ಈಜು ಬಾರದವರು ಬಹಳ.

ಇನ್ನೊಂದು ಕಾರಣ ನಮ್ಮ ಊರಿನ ನೀರೇ. ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರದ ಕೆಲಸ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ಅದರ ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರ ಸೆಪ್ಟೆಂಬರ್‌ನಲ್ಲಿ. ಆಗ ಹಿನ್ನೀರು ಹೊಸದುರ್ಗ ತಾಲ್ಲೂಕಿನ ಕಡೆ ಹೊಲ-ತೋಟಗಳಿಗೂ ಹರಡಿತು. 2025ರ ಜನವರಿಯಲ್ಲಿ ಅದು ಮತ್ತೊಮ್ಮೆ ಭರ್ತಿಯಾಯಿತು. ಹೊಲದ ಮೇಲೆ ನಿಂತ ನೀರು ಹೆಚ್ಚು ಆಳ ಇರುವುದಿಲ್ಲ. ಆದರೆ ಅದರ ಕೆಳಗೆ ಬದು, ಬೇಲಿ ತಂತಿ, ತೆಂಗಿನ ಬುಡ, ಮಣ್ಣು ತೆಗೆದ ಗುಂಡಿ ಎಲ್ಲವೂ ಇರುತ್ತವೆ. ಕಯಾಕ್ ಇರಲಿ, ತೆಪ್ಪ ಇರಲಿ, ಲಾರಿ ಟ್ಯೂಬ್ ಇರಲಿ, ಕಡಿಮೆ ನೀರಿನಲ್ಲಿ ಬಿದ್ದವರನ್ನು ಎಬ್ಬಿಸುವ ವಿಧಾನ ಒಂದೇ.

ನೆಲ ಇದ್ದರೂ ಕಾಲು ಊರಲು ಆಗುವುದಿಲ್ಲ ಏಕೆ?

ಇದಕ್ಕೆ ನಾಲ್ಕು ಕಾರಣಗಳಿವೆ.

ಮೊದಲನೆಯದು, ದೇಹ ಮಲಗಿದ ಸ್ಥಿತಿಯಲ್ಲಿರುತ್ತದೆ. ಕಯಾಕ್‌ನಲ್ಲಿ ನಾವು ಕಾಲು ಚಾಚಿ ಕುಳಿತಿರುತ್ತೇವೆ. ಮಗುಚಿದಾಗ ಪಕ್ಕಕ್ಕೆ ಉರುಳಿ, ಬೋರಲಾಗಿ ಅಥವಾ ಅಂಗಾತ ಬೀಳುತ್ತೇವೆ. ಗಾಬರಿಯಲ್ಲಿ ಕಾಲು ಬಡಿದಷ್ಟೂ ಕಾಲು ನೀರಿನ ಮೇಲ್ಮೈಯಲ್ಲೇ ಉಳಿಯುತ್ತದೆ. ಈಜುವಾಗ ಕಾಲು ಬಡಿಯುವುದು ದೇಹವನ್ನು ಅಡ್ಡಲಾಗಿ ಇಡಲಿಕ್ಕೇ ಅಲ್ಲವೇ? ಇಲ್ಲೂ ಅದೇ ಆಗುತ್ತದೆ.

ಎರಡನೆಯದು, ಲೈಫ್ ಜಾಕೆಟ್ ಎದೆಯನ್ನು ಮೇಲಕ್ಕೆ ಎತ್ತುತ್ತದೆ. ಅದು ಅದರ ಕೆಲಸ, ಜೀವ ಉಳಿಸುವುದೂ ಅದೇ. ಆದರೆ ಅಂಗಾತ ತೇಲುತ್ತಿರುವವರು ಎದೆ ಮೇಲಿದ್ದಾಗ ಕಾಲನ್ನು ನೇರ ಕೆಳಕ್ಕೆ ಒತ್ತಲು ನೋಡಿದರೆ ಕಾಲು ಹೋಗುವುದಿಲ್ಲ. ಉದ್ದನೆಯ ಏಣಿಯನ್ನು ಇಕ್ಕಟ್ಟಾದ ಕೋಣೆಯಲ್ಲಿ ತಿರುಗಿಸುವುದು ಎಷ್ಟು ಕಷ್ಟವೋ ಇದೂ ಅಷ್ಟೇ ಕಷ್ಟ. ಏಣಿ ಮಡಚಿದರೆ ಸುಲಭವಾಗಿ ತಿರುಗುತ್ತದೆ. ಹಾಗೆಯೇ ಮಂಡಿ ಮಡಚಿದರೆ ದೇಹ ತಿರುಗುತ್ತದೆ.

ಮೂರನೆಯದು, ನೀರಿನಲ್ಲಿ ಪಾದಕ್ಕೆ ಹಿಡಿತ ಕಡಿಮೆ. ಸೊಂಟದ ಮಟ್ಟದ ನೀರಿನಲ್ಲಿ ನಿಂತಾಗ ನಮ್ಮ ಪಾದದ ಮೇಲೆ ಬೀಳುವ ಭಾರ ದಡದಲ್ಲಿ ಬೀಳುವುದರ ಸುಮಾರು ಅರ್ಧ ಮಾತ್ರ. ಎದೆಮಟ್ಟದ ನೀರಿನಲ್ಲಿ ಅದು ಸುಮಾರು ಮೂರರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಭಾರ ಕಡಿಮೆಯಾದಷ್ಟೂ ನೆಲದ ಹಿಡಿತ ಕಡಿಮೆ. ಪಾಚಿ ಕಟ್ಟಿದ ಕಲ್ಲು ಅಥವಾ ಕೆಸರು ಇದ್ದರೆ ಕೇಳುವುದೇ ಬೇಡ.

ನಾಲ್ಕನೆಯದು ಉಸಿರು. ತಟ್ಟನೆ ನೀರಿಗೆ ಬಿದ್ದಾಗ ಏದುಸಿರು ತಾನಾಗಿಯೇ ಒಳಕ್ಕೆ ಬರುತ್ತದೆ. ಮುಖ ನೀರಿನಲ್ಲಿದ್ದರೆ ಗಾಳಿಯ ಬದಲು ನೀರು ಬರುತ್ತದೆ. ಕೆಮ್ಮು ಹತ್ತುತ್ತದೆ. ಕೆಮ್ಮುತ್ತಿರುವವರಿಗೆ 'ಇಲ್ಲಿ ನೆಲ ಇದೆ' ಎಂಬ ಯೋಚನೆಯೇ ಹೊಳೆಯುವುದಿಲ್ಲ.

ಆದ್ದರಿಂದ ಸೊಂಟದುದ್ದ ನೀರಿನಲ್ಲಿ ಒದ್ದಾಡುವವರು ಹೇಡಿಗಳೂ ಅಲ್ಲ, ನಾಟಕ ಮಾಡುವವರೂ ಅಲ್ಲ. ನೆಲ ಎಲ್ಲಿದೆ ಎಂದು ಅವರ ದೇಹಕ್ಕೆ ಗೊತ್ತಾಗಿಲ್ಲ, ಅಷ್ಟೇ.

ಬಿದ್ದವರು ತಾವೇ ಏಳುವುದು ಹೇಗೆ?

ಈಜು ಕಲಿಸುವವರು ಮೊದಲ ದಿನಗಳಲ್ಲೇ ಹೇಳಿಕೊಡುವ ಪಾಠ ಇದು. ನೀವು ಸಹಾಯ ಮಾಡುವವರಾದರೂ ಇದು ಗೊತ್ತಿರಬೇಕು. ಏಕೆಂದರೆ ಬಿದ್ದವರ ದೇಹವನ್ನು ನೀವು ಇದೇ ದಾರಿಯಲ್ಲಿ ತರಬೇಕು.

ಬೋರಲಾಗಿ ಬಿದ್ದಿದ್ದರೆ: ಕಾಲು ಬಡಿಯುವುದನ್ನು ನಿಲ್ಲಿಸಿ. ಎರಡೂ ಮಂಡಿಗಳನ್ನು ಎದೆಯ ಕಡೆಗೆ ಎಳೆದುಕೊಳ್ಳಿ. ಮುಂದೆ ಚಾಚಿದ ಎರಡೂ ಕೈಗಳಿಂದ ನೀರನ್ನು ಕೆಳಕ್ಕೆ ಮತ್ತು ಹಿಂದಕ್ಕೆ ಒತ್ತಿ. ತಲೆ ಮೇಲೆ ಬರುತ್ತದೆ, ಮಂಡಿ ಕೆಳಗೆ ಬರುತ್ತದೆ. ಆಗ ಎರಡೂ ಪಾದ ಊರಿ.

ಅಂಗಾತ ಬಿದ್ದಿದ್ದರೆ: ಗದ್ದವನ್ನು ಎದೆಗೆ ತಂದುಕೊಳ್ಳಿ. ಮಂಡಿಗಳನ್ನು ಎದೆಗೆ ಎಳೆದುಕೊಳ್ಳಿ. ಕುರ್ಚಿಯಲ್ಲಿ ಕೂರುವ ಹಾಗೆ ಸೊಂಟವನ್ನು ಕೆಳಕ್ಕೆ ಬಿಡಿ, ಕೈಗಳಿಂದ ನೀರನ್ನು ಹಿಂದಿನಿಂದ ಮುಂದಕ್ಕೆ ತಳ್ಳಿ. ದೇಹ ಮುಂದಕ್ಕೆ ವಾಲುತ್ತದೆ, ಪಾದ ಕೆಳಗೆ ಇಳಿಯುತ್ತದೆ.

ಎರಡರಲ್ಲೂ ಕ್ರಮ ಒಂದೇ: ಮೊದಲು ಮಂಡಿ ಮಡಚು, ಆಮೇಲೆ ಪಾದ ಊರು, ಕೊನೆಗೆ ಎದ್ದು ನಿಲ್ಲು.

ಸಹಾಯಕ್ಕೆ ಹೋಗುವವರು ಮಾಡಬೇಕಾದದ್ದು

1. ಕೂಗಿ ಹೇಳಿ, ಆದರೆ ಒಂದೇ ಮಾತು ಹೇಳಿ. ಹತ್ತು ಜನ ಹತ್ತು ಮಾತು ಕೂಗಿದರೆ ಬಿದ್ದವರಿಗೆ ಏನೂ ಕೇಳುವುದಿಲ್ಲ. ಒಬ್ಬರು ಮಾತ್ರ ಜೋರಾಗಿ, ನಿಧಾನವಾಗಿ 'ನೆಲ ಇದೆ, ಮಂಡಿ ಮಡಚು, ಕಾಲೂರು' ಎನ್ನಲಿ. ಎಷ್ಟೋ ಸಲ ಇಷ್ಟರಿಂದಲೇ ಕೆಲಸ ಆಗುತ್ತದೆ.

2. ನೀರಿಗೆ ಇಳಿಯುವ ಮುನ್ನ ಏನಾದರೂ ಚಾಚಿ. ಕಯಾಕ್ ಹುಟ್ಟು, ಬಿದಿರು, ಟವೆಲ್, ಪಂಚೆ, ಹಗ್ಗ, ಯಾವುದಾದರೂ ಸರಿ. ಚಾಚುವಾಗ ನೀವು ದಡದಲ್ಲಿ ಮಲಗಿ ಅಥವಾ ಕುಕ್ಕರಗಾಲಲ್ಲಿ ಕುಳಿತಿರಬೇಕು. ನಿಂತು ಚಾಚಿದರೆ ಅವರು ಹಿಡಿದು ಎಳೆದಾಗ ನೀವೂ ನೀರಿಗೆ ಬೀಳುತ್ತೀರಿ. ಚಾಚಲು ಆಗದಷ್ಟು ದೂರವಿದ್ದರೆ ತೇಲುವ ವಸ್ತು ಎಸೆಯಿರಿ. ಮುಚ್ಚಳ ಬಿಗಿ ಇರುವ ಖಾಲಿ ಪ್ಲಾಸ್ಟಿಕ್ ಕ್ಯಾನ್ ಕೂಡ ಆದೀತು.

3. ಇಳಿಯಲೇಬೇಕಾದರೆ ಕೋಲಿನಿಂದ ನೆಲ ತಡಕಿ ಇಳಿಯಿರಿ. ಹೆಜ್ಜೆ ಎತ್ತಿ ಇಡಬೇಡಿ, ಪಾದ ಸವರುತ್ತ ಹೋಗಿ. 'ಅವರು ಬಿದ್ದಲ್ಲಿ ಸೊಂಟದುದ್ದ ಇದೆ, ಆದ್ದರಿಂದ ದಾರಿಯೂ ಅಷ್ಟೇ ಇರುತ್ತದೆ' ಎಂದುಕೊಳ್ಳಬೇಡಿ. ಹೂಳು ಅಥವಾ ಮರಳು ತೆಗೆದ ಗುಂಡಿಗಳು ಒಂದೇ ಹೆಜ್ಜೆಯ ಅಂತರದಲ್ಲಿ ಆಳವಾಗಿರುತ್ತವೆ. ಈಜು ಬಾರದವರು ಲೈಫ್ ಜಾಕೆಟ್ ಇಲ್ಲದೆ ಇಳಿಯಲೇಬಾರದು.

4. ಎದುರಿನಿಂದ ಹೋಗಬೇಡಿ. ಗಾಬರಿಯಲ್ಲಿರುವವರು ಸಿಕ್ಕಿದ್ದನ್ನು ಹತ್ತಲು ನೋಡುತ್ತಾರೆ. ಎದುರಿಗೆ ನೀವಿದ್ದರೆ ನಿಮ್ಮ ಕುತ್ತಿಗೆಯೇ ಸಿಗುತ್ತದೆ. ಪಕ್ಕದಿಂದ ಅಥವಾ ಹಿಂದಿನಿಂದ ಹೋಗಿ, ಲೈಫ್ ಜಾಕೆಟ್‌ನ ಹೆಗಲ ಪಟ್ಟಿ ಹಿಡಿಯಿರಿ. ಜಾಕೆಟ್ ಇಲ್ಲದಿದ್ದರೆ ಹಿಂದಿನಿಂದ ಎರಡೂ ಕಂಕುಳ ಕೆಳಗೆ ಕೈ ಹಾಕಿ.

5. ಮೊದಲು ಮುಖ. ಗದ್ದ ನೀರಿನಿಂದ ಮೇಲೆ ಬಂದು ಅವರು ಎರಡು-ಮೂರು ಉಸಿರು ತೆಗೆದುಕೊಳ್ಳುವವರೆಗೆ ಬೇರೆ ಏನೂ ಮಾಡಬೇಡಿ. ನಿಮ್ಮ ಕಾಲು ಅಗಲಿಸಿ, ಮಂಡಿ ಸ್ವಲ್ಪ ಬಗ್ಗಿಸಿ ಗಟ್ಟಿಯಾಗಿ ನಿಂತಿರಿ.

6. ಕೈ ಜಗ್ಗಬೇಡಿ. ಒಂದೇ ಕೈ ಹಿಡಿದು ಜಗ್ಗಿದರೆ ಭುಜದ ಕೀಲು ತಪ್ಪಬಹುದು. ಮೇಲಕ್ಕೆ ಜಗ್ಗಿದರೆ ಅವರ ಕಾಲು ಇನ್ನಷ್ಟು ಹಿಂದಕ್ಕೆ ಹೋಗುತ್ತದೆ. ನಿಮ್ಮ ತೋಳನ್ನು ಅಡ್ಡಲಾಗಿ ಕಂಬದ ಹಾಗೆ ಕೊಡಿ, ಅವರು ಅದರ ಮೇಲೆ ಕೈಯೂರಿ ಒತ್ತಲಿ. ಒತ್ತಿದಾಗ ಮಂಡಿ ತಾನಾಗಿ ಕೆಳಗೆ ಬರುತ್ತದೆ.

7. ಒಂದೇ ಏಟಿಗೆ ನಿಲ್ಲಿಸಬೇಡಿ. ಮೊದಲು ಮಂಡಿಯೂರಿದ ಸ್ಥಿತಿ ಅಥವಾ ಕುಕ್ಕರಗಾಲು, ಆಮೇಲೆ ಒಂದು ಪಾದ, ಆಮೇಲೆ ಎರಡನೆಯದು. ನೀರು ಎದೆಮಟ್ಟ ಇದ್ದರೆ ಮಂಡಿಯೂರುವ ಹಂತ ಬಿಡಿ, ನೇರ ಪಾದಕ್ಕೇ ಬನ್ನಿ. ನಿಂತ ಮೇಲೆ ಅರ್ಧ ನಿಮಿಷ ಹಿಡಿದುಕೊಂಡೇ ಇರಿ.

8. ದೋಣಿ, ಹುಟ್ಟು, ಚಪ್ಪಲಿ, ಫೋನ್ ಎಲ್ಲ ಆಮೇಲೆ. ತೇಲಿ ಹೋಗುತ್ತಿರುವ ಹುಟ್ಟಿನ ಹಿಂದೆ ಓಡಿ ಎರಡನೇ ಬಾರಿ ಬೀಳುವವರು ಕಡಿಮೆಯಲ್ಲ.

ಒದ್ದೆ ಬಟ್ಟೆಯ ಬಗ್ಗೆ ಒಂದು ಮಾತು. ಬಟ್ಟೆಯಲ್ಲಿರುವ ನೀರಿಗೆ ನೀರಿನೊಳಗೆ ಭಾರವಿಲ್ಲ. ಆದ್ದರಿಂದ 'ಬಟ್ಟೆ ಕೆಳಕ್ಕೆ ಎಳೆಯಿತು' ಎನ್ನುವುದು ಪೂರ್ತಿ ಸರಿಯಲ್ಲ. ಆದರೆ ಎದ್ದು ನಿಂತು ದೇಹ ನೀರಿನಿಂದ ಹೊರಗೆ ಬಂದ ಕೂಡಲೇ ಆ ನೀರಿನ ಭಾರವೆಲ್ಲ ಮೈಮೇಲೆ ಬೀಳುತ್ತದೆ. ಸೀರೆ ಅಥವಾ ಪಂಚೆಯಾದರೆ ಕಾಲಿಗೆ ಸುತ್ತಿಕೊಂಡು ಮಂಡಿ ಮಡಚಲು ಬಿಡುವುದಿಲ್ಲ. ಅಂಥವರನ್ನು ಎಬ್ಬಿಸುವಾಗ ಮೊದಲು ಮಂಡಿಯ ಹತ್ತಿರ ಬಟ್ಟೆ ಸಡಿಲಿಸಿ.

ದೋಣಿಯೊಳಗೇ ಕಾಲು ಸಿಕ್ಕಿಕೊಂಡಿದ್ದರೆ?

ಕಯಾಕ್‌ಗಳಲ್ಲಿ ಎರಡು ಬಗೆ. ಪ್ರವಾಸಿಗರಿಗೆ ಸಾಮಾನ್ಯವಾಗಿ ಕೊಡುವುದು ಮೇಲೆ ಕೂರುವ ಬಗೆ. ಅದು ಮಗುಚಿದರೆ ಜನ ತಾವಾಗಿ ಹೊರಗೆ ಬೀಳುತ್ತಾರೆ. ಇನ್ನೊಂದು ಒಳಗೆ ಕೂರುವ ಬಗೆ. ಅದರಲ್ಲಿ ಕಾಲುಗಳು ದೋಣಿಯೊಳಗೆ ಇರುತ್ತವೆ, ಕೆಲವೊಮ್ಮೆ ನೀರು ಒಳಗೆ ಬರದಂತೆ ಸೊಂಟದ ಸುತ್ತ ಒಂದು ಹೊದಿಕೆಯೂ ಇರುತ್ತದೆ. ಇದು ಮಗುಚಿದರೆ ತಲೆ ಕೆಳಗಾಗಿ ನೀರಿನಲ್ಲಿರುತ್ತದೆ.

ಕಡಿಮೆ ನೀರಿನಲ್ಲಿ ಆಗ ಇನ್ನೊಂದು ಅಪಾಯವಿದೆ: ತಲೆ ನೆಲಕ್ಕೆ, ಕಲ್ಲಿಗೆ ಬಡಿಯಬಹುದು. ಆದ್ದರಿಂದ ಕುಳಿತವರು ಹಿಂದಕ್ಕೆ ವಾಲಬಾರದು. ಮೂಗು ದೋಣಿಗೆ ತಾಗುವ ಹಾಗೆ ಮುಂದಕ್ಕೆ ಬಗ್ಗಬೇಕು. ಹೊದಿಕೆಯ ಮುಂಭಾಗದಲ್ಲಿರುವ ಪಟ್ಟಿಯನ್ನು ಮುಂದಕ್ಕೆ ಎಳೆದು ಬಿಡಿಸಬೇಕು. ಎರಡೂ ಕೈಗಳನ್ನು ಸೊಂಟದ ಪಕ್ಕ ದೋಣಿಯ ಅಂಚಿಗೆ ಒತ್ತಿ, ಪ್ಯಾಂಟ್ ಕಳಚುವ ಹಾಗೆ ದೋಣಿಯಿಂದ ಕಾಲು ಕಳಚಿಕೊಳ್ಳಬೇಕು. ಇದನ್ನು ದಡದ ಹತ್ತಿರ ತರಬೇತಿ ಕೊಡುವವರ ಎದುರಿಗೆ ಒಮ್ಮೆ ಮಾಡಿ ನೋಡದೆ ಒಳಗೆ ಕೂರುವ ಕಯಾಕ್ ಹತ್ತಬೇಡಿ.

ಅವರು ಹೊರಗೆ ಬರದಿದ್ದರೆ, ನೀವು ಸೊಂಟದುದ್ದ ನಿಂತ ನೀರಿನಲ್ಲಿದ್ದರೆ, ಮಗುಚಿದ ದೋಣಿಯ ಮಧ್ಯಭಾಗದ ಪಕ್ಕದಲ್ಲಿ ನಿಲ್ಲಿ. ದೋಣಿಯ ಬೆನ್ನಿನ ಮೇಲಿಂದ ಬಾಗಿ ಆಚೆ ಬದಿಯಲ್ಲಿ ಕೂರುವ ಜಾಗದ ಅಂಚನ್ನು ಅಥವಾ ಅವರ ಜಾಕೆಟ್ ಹಿಡಿದು ನಿಮ್ಮ ಕಡೆಗೆ ಎಳೆಯಿರಿ. ಇನ್ನೊಂದು ಕೈಯಿಂದ ಈಚೆ ಬದಿಯ ಅಂಚನ್ನು ಕೆಳಕ್ಕೆ ಒತ್ತಿ. ದೋಣಿಯೂ ಜನವೂ ಒಟ್ಟಿಗೆ ಮೇಲಕ್ಕೆ ಹೊರಳುತ್ತಾರೆ. ಅದಾಗದಿದ್ದರೆ ದೋಣಿ ಬಿಟ್ಟು ಅವರ ತಲೆ ಮತ್ತು ಹೆಗಲನ್ನು ಪಕ್ಕದಿಂದ ನೀರಿನ ಮೇಲಕ್ಕೆ ಎತ್ತಿ ಹಿಡಿಯಿರಿ. ಉಸಿರು ಸಿಕ್ಕರೆ ಮುಂದಿನದಕ್ಕೆ ಸಮಯ ಸಿಗುತ್ತದೆ.

ಎಬ್ಬಿಸಿ ನಿಲ್ಲಿಸಬಾರದ ಎರಡು ಸಂದರ್ಭಗಳು

ಮೊದಲನೆಯದು, ನೀರು ಹರಿಯುತ್ತಿದ್ದರೆ. ಮೊಣಕಾಲಿಗಿಂತ ಮೇಲಿರುವ ವೇಗದ ನೀರಿನಲ್ಲಿ ಎದ್ದು ನಿಲ್ಲಲು ಹೋಗಬಾರದು. ನೀರಿನ ವೇಗ ಎರಡು ಪಟ್ಟಾದರೆ ಅದು ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಪಾದ ಎರಡು ಕಲ್ಲುಗಳ ಮಧ್ಯೆ ಸಿಕ್ಕಿಕೊಂಡರೆ ನೀರು ಬೆನ್ನಿನ ಮೇಲೆ ಒತ್ತಿ ಮುಖವನ್ನು ಕೆಳಗೆ ಹಾಕುತ್ತದೆ. ಆಗ ಬಲಶಾಲಿಗಳೂ ಏಳಲಾರರು. ಹರಿಯುವ ನೀರಿನಲ್ಲಿ ಬಿದ್ದವರು ಅಂಗಾತ ತೇಲಬೇಕು, ಕಾಲು ನೀರು ಹರಿಯುವ ದಿಕ್ಕಿಗೆ ಇರಬೇಕು, ಕಾಲ್ಬೆರಳು ನೀರಿನ ಮೇಲೆ ಕಾಣುತ್ತಿರಬೇಕು. ನೀರು ನಿಧಾನವಾದ ಮೇಲೆ ದಡದ ಕಡೆ ಸರಿದು ಆಮೇಲೆ ಏಳಬೇಕು. ಕೋಡಿ ಬಿದ್ದ ಕೆರೆಯ ಹಳ್ಳ, ಅಣೆಕಟ್ಟಿನ ಕೆಳಗಿನ ನದಿ, ಮಳೆಗಾಲದ ಸೇತುವೆ ಎಲ್ಲಕ್ಕೂ ಇದೇ ಮಾತು.

ಹರಿವಿನಲ್ಲಿ ದೋಣಿಯ ಕೆಳಗಿನ ಬದಿಗೆ ಯಾರೂ ನಿಲ್ಲಬಾರದು. ಒಂದು ಲೀಟರ್ ನೀರು ಒಂದು ಕೆಜಿ. 200 ಲೀಟರ್ ನೀರು ತುಂಬಿದ ದೋಣಿ ಎಂದರೆ 200 ಕೆಜಿ. ಅದು ಹರಿದು ಬಂದು ನಿಮ್ಮನ್ನು ಕಲ್ಲಿಗೆ ಒತ್ತಿದರೆ ಬಿಡಿಸಿಕೊಳ್ಳಲು ಆಗದು.

ಎರಡನೆಯದು, ತಲೆ ಅಥವಾ ಕುತ್ತಿಗೆಗೆ ಪೆಟ್ಟಾಗಿದ್ದರೆ. ತಲೆ ನೆಲಕ್ಕೆ ಬಡಿದಿದೆ, ಕುತ್ತಿಗೆ ನೋವು ಎನ್ನುತ್ತಾರೆ, ಕೈಕಾಲು ಜೋಮು ಹಿಡಿದಿದೆ ಅಥವಾ ಪ್ರಜ್ಞೆ ಸರಿಯಿಲ್ಲ ಎಂದರೆ ನಿಲ್ಲಿಸಬೇಡಿ. ಉಸಿರಾಡುತ್ತಿದ್ದರೆ ಮುಖ ಮೇಲಿರುವಂತೆ ಅಂಗಾತ ತೇಲಿಸಿ, ತಲೆ, ಕುತ್ತಿಗೆ, ಬೆನ್ನು ಒಂದೇ ಗೆರೆಯಲ್ಲಿರುವಂತೆ ಹಿಡಿದು ಹೆಚ್ಚಿನ ಜನರನ್ನು ಕರೆಯಿರಿ. ಉಸಿರಾಡದಿದ್ದರೆ ಮಾತ್ರ ಕುತ್ತಿಗೆಯ ಚಿಂತೆ ಎರಡನೆಯದು, ತಕ್ಷಣ ದಡಕ್ಕೆ ತನ್ನಿ.

ಕೆಸರಿನಲ್ಲಿ ಕಾಲು ಹೂತರೆ?

ಕೆರೆಗಳಲ್ಲಿ, ಹಿನ್ನೀರಿನ ಅಂಚಿನಲ್ಲಿ ಇದು ಸಾಮಾನ್ಯ. ಒಂದು ಕಾಲು ಕೀಳಲು ಹೋದರೆ ಇನ್ನೊಂದು ಕಾಲು ಇನ್ನೂ ಆಳಕ್ಕೆ ಇಳಿಯುತ್ತದೆ. ಜೋರಾಗಿ ಎಳೆದಷ್ಟೂ ಕೆಸರು ಹಿಡಿಯುತ್ತದೆ, ಏಕೆಂದರೆ ಪಾದದ ಕೆಳಗೆ ಗಾಳಿ-ನೀರು ಹೋಗಲು ಜಾಗವಿಲ್ಲ. ಪಾದವನ್ನು ನಿಧಾನವಾಗಿ ಅತ್ತಿತ್ತ ಆಡಿಸಿ, ನೀರು ಒಳಗೆ ಇಳಿಯಲು ಬಿಡಿ. ಇಲ್ಲಿ ಮಗುಚಿದ ಕಯಾಕ್ ಉಪಯೋಗಕ್ಕೆ ಬರುತ್ತದೆ. ಅದನ್ನು ಹತ್ತಿರ ತಂದು ಅದರ ಮೇಲೆ ಎದೆಯೂರಿ ಒರಗಿಕೊಂಡರೆ ಕಾಲಿನ ಮೇಲಿನ ಭಾರ ಇಳಿಯುತ್ತದೆ, ಕಾಲು ಒಂದೊಂದಾಗಿ ಹೊರಬರುತ್ತದೆ. ಕೆಸರಿನಲ್ಲಿ ಸಿಕ್ಕವರ ಹತ್ತಿರ ನಡೆದು ಹೋಗಬೇಡಿ, ನೀವೂ ಹೂತುಕೊಳ್ಳುತ್ತೀರಿ. ಹಗ್ಗ, ಹಲಗೆ ಅಥವಾ ಇನ್ನೊಂದು ದೋಣಿ ತನ್ನಿ.

ಫಾರ್ವರ್ಡ್‌ಗಳಲ್ಲಿ ಬರುವ ಮಾತು, ನಿಜಾಂಶ

ಮಾತು: ಮುಳುಗುವವರು ಕೈ ಬೀಸಿ 'ಕಾಪಾಡಿ' ಎಂದು ಕೂಗುತ್ತಾರೆ.
ನಿಜ: ಬಹಳ ಸಲ ಕೂಗುವುದಿಲ್ಲ. ಅಮೆರಿಕದ ಜೀವರಕ್ಷಕ ಫ್ರಾಂಕ್ ಪಿಯಾ 1970ರ ದಶಕದಲ್ಲಿ ಇದನ್ನು ಗಮನಿಸಿ ಬರೆದರು. ಬಾಯಿ ನೀರಿನ ಮೇಲೆ ಬಂದ ಕ್ಷಣದಲ್ಲಿ ಉಸಿರಾಡಲೇ ಸಮಯ ಸಾಲದು, ಕೂಗುವುದು ಹೇಗೆ? ಕೈಗಳು ಪಕ್ಕದಲ್ಲಿ ನೀರನ್ನು ಒತ್ತುತ್ತಿರುತ್ತವೆ, ಬೀಸಲು ಆಗುವುದಿಲ್ಲ. ಹೀಗೆ ಒದ್ದಾಡುವುದು ಸುಮಾರು 20ರಿಂದ 60 ಸೆಕೆಂಡು ಮಾತ್ರ. ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟದಲ್ಲಿದ್ದು, ಮಾತಾಡಿಸಿದರೆ ಉತ್ತರ ಬರದಿದ್ದರೆ ಅದು ಆಟ ಅಲ್ಲ.

ಮಾತು: ನೀರು ಕುಡಿದವರನ್ನು ತಲೆಕೆಳಗು ಮಾಡಿ ತಿರುಗಿಸಬೇಕು, ಹೊಟ್ಟೆ ಒತ್ತಿ ನೀರು ತೆಗೆಯಬೇಕು.
ನಿಜ: ಮಾಡಬೇಡಿ. ಹೊಟ್ಟೆ ಒತ್ತಿದರೆ ಬರುವುದು ಹೊಟ್ಟೆಯಲ್ಲಿರುವ ನೀರು ಮತ್ತು ಊಟ. ಅದು ಶ್ವಾಸಕೋಶಕ್ಕೆ ಹೋದರೆ ಇನ್ನೂ ಅಪಾಯ. ಅವರಿಗೆ ಬೇಕಾದದ್ದು ಗಾಳಿ, ಅದಕ್ಕೆ ತಡವಾಗುತ್ತದೆ.

ಮಾತು: ಮುಳುಗಿ ಸತ್ತವರನ್ನು ಉಪ್ಪಿನಲ್ಲಿ ಹೂತಿಟ್ಟರೆ ಉಪ್ಪು ನೀರನ್ನು ಹೀರಿ ಬದುಕುತ್ತಾರೆ.
ನಿಜ: ಇದು ಸುಳ್ಳು, ಕ್ರೂರವಾದ ಸುಳ್ಳು. 2022ರ ಸೆಪ್ಟೆಂಬರ್‌ನಲ್ಲಿ ಬಳ್ಳಾರಿ ತಾಲ್ಲೂಕಿನ ಸಿರವಾರ ಗ್ರಾಮದಲ್ಲಿ ಮುಳುಗಿದ ಬಾಲಕನೊಬ್ಬನ ದೇಹವನ್ನು ಸಾಮಾಜಿಕ ಜಾಲತಾಣದ ಮಾತು ನಂಬಿ ಗಂಟೆಗಟ್ಟಲೆ ಉಪ್ಪಿನಲ್ಲಿ ಇಡಲಾಗಿತ್ತು. ಬಾಲಕ ಬದುಕಲಿಲ್ಲ. ಚರ್ಮದ ಮೇಲೆ ಹಾಕಿದ ಉಪ್ಪು ಶ್ವಾಸಕೋಶದ ನೀರನ್ನು ಎಳೆಯಲಾರದು. ಉಸಿರು ನಿಂತ ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ಹಾನಿ ಆರಂಭವಾಗುತ್ತದೆ. ಉಪ್ಪಿನ ಮೂಟೆ ತರುವ ಹೊತ್ತಿನಲ್ಲಿ ಬದುಕುವ ಅವಕಾಶ ಕೈತಪ್ಪಿ ಹೋಗಿರುತ್ತದೆ. ಈ ಮೆಸೇಜ್ ನಿಮಗೆ ಬಂದರೆ ಫಾರ್ವರ್ಡ್ ಮಾಡಬೇಡಿ, ಕಳಿಸಿದವರಿಗೆ ತಿಳಿಸಿ ಹೇಳಿ. ಮಗುವನ್ನು ಕಳೆದುಕೊಂಡ ತಂದೆತಾಯಿ ಯಾವ ಮಾತನ್ನಾದರೂ ನಂಬುವ ಸ್ಥಿತಿಯಲ್ಲಿರುತ್ತಾರೆ. ತಪ್ಪು ಅವರದಲ್ಲ, ಸುಳ್ಳನ್ನು ಹಂಚಿದವರದು.

ದಡಕ್ಕೆ ತಂದ ಮೇಲೆ

ಉಸಿರಾಡುತ್ತಿದ್ದು ಪ್ರಜ್ಞೆ ಇಲ್ಲದಿದ್ದರೆ ಒಂದು ಪಕ್ಕಕ್ಕೆ ಮಲಗಿಸಿ, ಬಾಯಿಯಿಂದ ನೀರು ತಾನಾಗಿ ಹರಿದು ಹೋಗಲಿ.

ಉಸಿರಾಡದಿದ್ದರೆ ಒಬ್ಬರು 112 ಅಥವಾ 108ಕ್ಕೆ ಕರೆ ಮಾಡಲಿ, ಇನ್ನೊಬ್ಬರು ತಕ್ಷಣ ಸಿಪಿಆರ್ ಆರಂಭಿಸಲಿ. ಮುಳುಗಿದವರಿಗೆ ಮೊದಲು ಬೇಕಾದದ್ದು ಉಸಿರು. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ವಾಲಿಸಿ, ಗದ್ದ ಎತ್ತಿ, ಮೂಗು ಮುಚ್ಚಿ, ಎದೆ ಏಳುವಂತೆ ಬಾಯಿಗೆ ಬಾಯಿಟ್ಟು ಗಾಳಿ ಊದಿ. ಆರಂಭದಲ್ಲಿ 2 ಸಲ ಊದಬೇಕೆಂದು ಅಮೆರಿಕದ ಕ್ರಮ ಹೇಳುತ್ತದೆ, 5 ಸಲ ಎಂದು ಯುರೋಪಿನ ಕ್ರಮ ಹೇಳುತ್ತದೆ. ಯಾವುದನ್ನು ಅನುಸರಿಸಿದರೂ ಸರಿ, ತಡ ಮಾಡಬಾರದು. ಆಮೇಲೆ ಎದೆಯ ಮಧ್ಯಭಾಗವನ್ನು ಎರಡೂ ಕೈಗಳಿಂದ 30 ಸಲ ಒತ್ತಿ, 2 ಸಲ ಊದಿ. ದೊಡ್ಡವರಿಗೆ ಒತ್ತುವ ಆಳ ಕನಿಷ್ಠ 5 ಸೆಂಟಿಮೀಟರ್, ವೇಗ ನಿಮಿಷಕ್ಕೆ 100ರಿಂದ 120. ಆಂಬುಲೆನ್ಸ್ ಬರುವವರೆಗೆ ಅಥವಾ ಅವರು ಉಸಿರಾಡುವವರೆಗೆ ನಿಲ್ಲಿಸಬೇಡಿ.

ತಾವಾಗಿ ಎದ್ದು ನಿಂತವರನ್ನೂ ಕೆಲವು ಗಂಟೆ ಗಮನಿಸಿ. ಕೆಮ್ಮು ನಿಲ್ಲದಿದ್ದರೆ, ಉಸಿರು ವೇಗವಾದರೆ, ವಿಪರೀತ ಮಂಪರು ಅಥವಾ ವಾಂತಿ ಇದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ. ಪ್ರಜ್ಞೆ ತಪ್ಪಿದ್ದವರನ್ನು ಅಥವಾ ಸಿಪಿಆರ್ ಬೇಕಾದವರನ್ನು ಆರಾಮಾಗಿ ಕಂಡರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು.

ಇಷ್ಟೆಲ್ಲ ಏಕೆ ಹೇಳುತ್ತಿದ್ದೇವೆ?

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಲೆಕ್ಕದ ಪ್ರಕಾರ 2022ರಲ್ಲಿ ಭಾರತದಲ್ಲಿ ನೀರಿನಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು. ಪ್ರಪಂಚದಲ್ಲಿ 2021ರಲ್ಲಿ ಸುಮಾರು 3 ಲಕ್ಷ ಜನ ಹೀಗೆ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಜುಲೈ 25ನ್ನು ಮುಳುಗುವಿಕೆ ತಡೆ ದಿನವೆಂದು ವಿಶ್ವಸಂಸ್ಥೆ ಗುರುತಿಸಿರುವುದು ಇದಕ್ಕಾಗಿಯೇ. ಇದರಲ್ಲಿ ಕಯಾಕ್‌ನಿಂದ ಬಿದ್ದವರು ಸ್ವಲ್ಪ ಜನ ಮಾತ್ರ. ಹೆಚ್ಚಿನವರು ಕೆರೆ, ಬಾವಿ, ಕೃಷಿಹೊಂಡ, ನದಿಗೆ ದಿನದ ಕೆಲಸಕ್ಕೋ ಆಟಕ್ಕೋ ಹೋದವರು. ಅವರನ್ನು ಉಳಿಸಲು ಹೋಗಿ ಸತ್ತವರ ಸುದ್ದಿಯನ್ನೂ ನಾವು ಪ್ರತಿ ಬೇಸಿಗೆ ರಜೆಯಲ್ಲಿ ಓದುತ್ತೇವೆ.

ಆದ್ದರಿಂದ ಮುಂದಿನ ಸಲ ಅಂಥ ವಿಡಿಯೊ ಬಂದಾಗ ನಗುವ ಎಮೋಜಿ ಬದಲು ಈ ಸಾಲುಗಳನ್ನು ಕಾಪಿ ಮಾಡಿ ನಿಮ್ಮ ಗ್ರೂಪಿಗೆ ಕಳಿಸಿ:

ಕಡಿಮೆ ನೀರಿನಲ್ಲೂ ಮುಳುಗುತ್ತಾರೆ. ಬಿದ್ದವರಿಗೆ 'ನೆಲ ಇದೆ, ಮಂಡಿ ಮಡಚು, ಕಾಲೂರು' ಎಂದು ಹೇಳಿ. ಮೊದಲು ಕೋಲು ಅಥವಾ ಬಟ್ಟೆ ಚಾಚಿ, ನೀರಿಗೆ ಇಳಿಯುವುದು ಕೊನೆಗೆ. ಮೊದಲು ಮುಖ ಮೇಲಕ್ಕೆ, ಆಮೇಲೆ ಮಂಡಿ, ಆಮೇಲೆ ಪಾದ. ಹರಿಯುವ ನೀರಿನಲ್ಲಿ ನಿಲ್ಲಬೇಡಿ, ಅಂಗಾತ ತೇಲಿ. ಕುತ್ತಿಗೆಗೆ ಪೆಟ್ಟಾಗಿದ್ದರೆ ನಿಲ್ಲಿಸಬೇಡಿ. ಉಸಿರಿಲ್ಲದಿದ್ದರೆ ಬಾಯಿಗೆ ಗಾಳಿ ಊದಿ, ಎದೆ ಒತ್ತಿ, 112ಕ್ಕೆ ಕರೆ ಮಾಡಿ. ಉಪ್ಪು ಬೇಡ.